ಆಶ್ರಮಕ್ಕಿಂತ ಮೊದಲು ಮನೆ: ಮಕ್ಕಳ ರಕ್ಷಣೆ ಕುರಿತ ಓದುಗರ ಪ್ರಶ್ನೆಗಳು

ಆಸರೆ ತಪ್ಪಿದ ಮಕ್ಕಳಿಗಾಗಿ ಸರ್ಕಾರ ನಡೆಸುವ ವ್ಯವಸ್ಥೆಯ ಬಗ್ಗೆ ಬಂದ ಪತ್ರಗಳಲ್ಲಿ ಏಳನ್ನು ಆಯ್ದುಕೊಂಡಿದ್ದೇವೆ. ಉತ್ತರಗಳಲ್ಲಿ ಬರೀ ‘ಕಾಯ್ದೆ’ ಎಂದಿರುವ ಕಡೆಯೆಲ್ಲ 2015ರ ಬಾಲ ನ್ಯಾಯ ಕಾಯ್ದೆ ಎಂದು ಓದಿಕೊಳ್ಳಿ. ಅದಕ್ಕೆ 2021ರಲ್ಲಿ ಆದ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ.

ಪ್ರಶ್ನೆ: ನಮ್ಮ ಬೀದಿಯ ಹುಡುಗನೊಬ್ಬ ಏಳನೇ ತರಗತಿಯಲ್ಲಿದ್ದಾನೆ. ಅಪ್ಪ ತೀರಿಕೊಂಡು ವರ್ಷವಾಯಿತು. ತಾಯಿ ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋಗುತ್ತಾರೆ. ‘ಬಾಲಮಂದಿರಕ್ಕೆ ಸೇರಿಸು, ಊಟ, ಓದು ಎರಡೂ ಆಗುತ್ತೆ’ ಎಂದು ನೆಂಟರು ಒತ್ತಾಯಿಸುತ್ತಿದ್ದಾರೆ. ಸೇರಿಸಬಹುದೇ?
— ಓದುಗರು, ತಿಪಟೂರು

ಉತ್ತರ: ಬೇಡ. ಬಾಲಮಂದಿರ ಹಾಸ್ಟೆಲ್ ಅಲ್ಲ. ಅಲ್ಲಿಗೆ ಮಗು ಹೋಗಬೇಕಾದರೆ, ಆಸರೆ ತಪ್ಪಿದ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕು, ಹೊರಗೆ ಬರಲೂ ಬೇಕು. ಬೇರೆ ಯಾವ ದಾರಿಯೂ ಇಲ್ಲದಾಗ ಕೊನೆಯದಾಗಿ ಮಾತ್ರ ಮಗುವನ್ನು ಸಂಸ್ಥೆಯಲ್ಲಿ ಇಡಬೇಕು ಎನ್ನುವುದು ಕಾಯ್ದೆಯ ಮೂಲ ತತ್ವಗಳಲ್ಲೊಂದು. ಓದಿನದೇ ಚಿಂತೆಯಾದರೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿನಿಲಯಗಳಿವೆ. ಅವುಗಳಿಗೂ ಸಮಿತಿಗೂ ಸಂಬಂಧವಿಲ್ಲ.

ಈ ತಾಯಿಗೆ ಒದಗುವುದು ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವ ಮಕ್ಕಳ ರಕ್ಷಣಾ ಕಾರ್ಯಕ್ರಮವಾದ ಮಿಷನ್ ವಾತ್ಸಲ್ಯದ ಅಡಿಯ ಪ್ರಾಯೋಜಕತ್ವ ಯೋಜನೆ. ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ಓದಿಸಲು ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಿಧವೆ, ವಿಚ್ಛೇದಿತೆ ಅಥವಾ ಗಂಡ ಬಿಟ್ಟುಹೋದ ತಾಯಿಯ ಮಕ್ಕಳು, ಅಜ್ಜಿಯೋ ಚಿಕ್ಕಪ್ಪನೋ ಸಾಕುತ್ತಿರುವ ಅನಾಥ ಮಕ್ಕಳು, ತಂದೆತಾಯಿ ಮಾರಕ ಕಾಯಿಲೆಯಿಂದ ಮಲಗಿರುವ ಮನೆಯ ಮಕ್ಕಳು ಇದಕ್ಕೆ ಅರ್ಹರು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಈ ಮಿತಿ ತೀರಾ ಕೆಳಮಟ್ಟದಲ್ಲಿದೆ ಎನ್ನುವುದು ನಮ್ಮ ಅಭಿಪ್ರಾಯ. ಗಾರ್ಮೆಂಟ್ಸ್‌ನಲ್ಲಿ ತಿಂಗಳಿಗೆ 10,000ದ ಸಂಬಳದ ಚೀಟಿ ಇರುವ ತಾಯಿ ವರ್ಷಕ್ಕೆ 1.2 ಲಕ್ಷ ದುಡಿದಂತಾಗಿ ಯೋಜನೆಯ ಹೊರಗೆ ಉಳಿಯುತ್ತಾಳೆ. ಅಷ್ಟೇ ದುಡಿದರೂ ಚೀಟಿಯಿಲ್ಲದ ಕೂಲಿಯವಳು ಒಳಗೆ ಬರುತ್ತಾಳೆ.

ಅರ್ಜಿ ಕೊಡಬೇಕಾದದ್ದು ತುಮಕೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಲ್ಲಿ ‘ಅಸಾಂಸ್ಥಿಕ’ (ಮಗುವನ್ನು ಸಂಸ್ಥೆಗೆ ಸೇರಿಸದೆ ನೆರವಾಗುವ) ವಿಭಾಗದ ರಕ್ಷಣಾಧಿಕಾರಿಯನ್ನು ಕೇಳಿ. ತಂದೆಯ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ತಾಯಿ ಮತ್ತು ಮಗುವಿನ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಸಿದ್ಧವಿರಲಿ. ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ, ಅದರ ಮೇಲೆ ಜಿಲ್ಲಾ ಅನುಮೋದನಾ ಸಮಿತಿ ತೀರ್ಮಾನಿಸುತ್ತದೆ.

ಅರ್ಜಿ ಎಡವುವುದು ಸಣ್ಣ ಸಂಗತಿಗಳಲ್ಲಿ. ಆದಾಯ ಪ್ರಮಾಣಪತ್ರ ತೀರಿಹೋದ ಗಂಡನ ಹೆಸರಿನಲ್ಲೇ ಇರುತ್ತದೆ. ನಾಡಕಚೇರಿಯಲ್ಲಿ ತಾಯಿಯ ಹೆಸರಿಗೆ ಹೊಸದನ್ನು ಮಾಡಿಸಬೇಕು. ಶಾಲೆಯಲ್ಲಿ ಹಿಂದೆಂದೋ ತೆರೆದ ಸ್ಕಾಲರ್‌ಶಿಪ್ ಖಾತೆ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿರುತ್ತದೆ, ಇಲ್ಲವೇ ಆಧಾರ್ ಜೋಡಣೆ ಆಗಿರುವುದಿಲ್ಲ. ಹಣ ಮಂಜೂರಾದರೂ ಖಾತೆಗೆ ಬಾರದಿರಲು ಬಹಳ ಸಲ ಇದೇ ಕಾರಣ. ಮಗುವಿನ ಹೆಸರಿನಲ್ಲಿ ತಾಯಿಯ ಜತೆಗಿನ ಜಂಟಿ ಖಾತೆ ಇದ್ದರೆ ತೊಡಕು ಕಡಿಮೆ. ‘ಈ ವರ್ಷದ ಗುರಿ ಮುಗಿದಿದೆ’ ಎಂದರೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಅದು ಏಕೆ ಮುಖ್ಯ ಎನ್ನುವುದು ಮೂರನೇ ಉತ್ತರದಲ್ಲಿದೆ.

ಪ್ರಶ್ನೆ: ಬಸ್ ನಿಲ್ದಾಣದಲ್ಲಿ ಐದಾರು ವರ್ಷದ ಮಗು ಒಂಟಿಯಾಗಿ ಅಳುತ್ತಿದ್ದರೆ ರಾತ್ರಿ ಮಟ್ಟಿಗೆ ಮನೆಗೆ ಕರೆದೊಯ್ದು ಬೆಳಿಗ್ಗೆ ಪೊಲೀಸರಿಗೆ ತಿಳಿಸಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ನಿಂತಲ್ಲಿಂದಲೇ 1098ಕ್ಕೆ ಫೋನ್ ಮಾಡಿ. ಈ ಮಕ್ಕಳ ಸಹಾಯವಾಣಿ ಮೊದಲು ಸ್ವಯಂಸೇವಾ ಸಂಸ್ಥೆಗಳ ಕೈಯಲ್ಲಿತ್ತು. 2023ರಿಂದ ರಾಜ್ಯ ಸರ್ಕಾರಗಳ ಕೈಗೆ ಬಂದು, ತುರ್ತು ಸೇವೆಯ 112ರೊಂದಿಗೆ ಬೆಸೆದುಕೊಂಡಿದೆ. ಎರಡರಲ್ಲಿ ಯಾವುದಕ್ಕೆ ಹೇಳಿದರೂ ಆದೀತು. ಒಂಟಿ ಮಗು ಕಣ್ಣಿಗೆ ಬಿದ್ದವರು 24 ಗಂಟೆಯೊಳಗೆ ಸಹಾಯವಾಣಿಗೋ ಪೊಲೀಸ್ ಠಾಣೆಗೋ ಸಮಿತಿಗೋ ಜಿಲ್ಲಾ ಘಟಕಕ್ಕೋ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ, 10,000 ರೂಪಾಯಿ ದಂಡ, ಅಥವಾ ಎರಡೂ. ಮನೆಗೆ ಕರೆದೊಯ್ಯುವುದರಲ್ಲಿ ಕೆಟ್ಟ ಉದ್ದೇಶ ಇರಲಾರದು. ಆದರೆ ಅದೇ ಹೊತ್ತಿನಲ್ಲಿ ಹೆತ್ತವರು ಅದೇ ನಿಲ್ದಾಣದಲ್ಲಿ ಹುಡುಕುತ್ತಿರುತ್ತಾರೆ.

ಪ್ರತಿ ಠಾಣೆಯಲ್ಲೂ ಎಎಸ್‌ಐಗಿಂತ ಕೆಳಗಿನವರಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ನೇಮಕವಾಗಿರಬೇಕು. ಠಾಣೆಗೆ ಹೋದರೆ ಅವರನ್ನೇ ಕೇಳಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗು ಸಮಿತಿಯ ಮುಂದೆ ಬರಬೇಕು. ಸಮಿತಿ ಕೂತಿಲ್ಲದ ರಾತ್ರಿಯಲ್ಲೋ ಭಾನುವಾರವೋ ಆದರೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಸಾಕು. ‘ಇವತ್ತು ರಜೆ, ಸೋಮವಾರ ಕರೆತನ್ನಿ’ ಎಂಬ ಮಾತಿಗೆ ಕಾಯ್ದೆಯಲ್ಲಿ ಜಾಗವಿಲ್ಲ. ಆಮೇಲೆ 15 ದಿನದಲ್ಲಿ ಮಗುವಿನ ಮನೆ, ಹಿನ್ನೆಲೆ ವಿಚಾರಿಸಿ ಬರೆಯುವ ಸಾಮಾಜಿಕ ತನಿಖಾ ವರದಿ, ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳಲ್ಲಿ ಅಂತಿಮ ಆದೇಶ ಆಗಬೇಕು.

ಮಗುವಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಒಳ್ಳೆಯ ಮನಸ್ಸಿನಿಂದ ಎಲ್ಲರೂ ಮಾಡುವ ತಪ್ಪು ಇದು. ಇಂಥ ಮಗುವಿನ ಗುರುತು ಬಹಿರಂಗಪಡಿಸಿದರೆ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಶಿಕ್ಷೆಯ ಮಾತು ಹಾಗಿರಲಿ, ಫೋಟೊ ನೋಡಿ ‘ನಾನೇ ಮಾವ’ ಎಂದು ಯಾರು ಬಂದು ನಿಂತಾರು ಎಂದು ಹೇಳಲಾಗದು. ಫೋಟೊವನ್ನು ಕಾಣೆಯಾದ ಮಕ್ಕಳ ಪಟ್ಟಿಯೊಂದಿಗೆ ತಾಳೆ ನೋಡುವ ಕೆಲಸ ಪೊಲೀಸರದು.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮ ಊರುಗಳಿಂದ ಗುಳೆ ಹೋಗುವ ಕುಟುಂಬಗಳ ಮಕ್ಕಳು ಅಜ್ಜ-ಅಜ್ಜಿಯ ಹತ್ತಿರ ಉಳಿಯುತ್ತಾರೆ. ನೆರವು ಕೇಳಿದರೆ ‘ಗುರಿ ಇಲ್ಲ, ಅನುದಾನ ಬಂದಿಲ್ಲ’ ಎನ್ನುತ್ತಾರೆ. ಈ ಗುರಿಯನ್ನು ನಿಗದಿ ಮಾಡುವವರು ಯಾರು?
— ಓದುಗರು, ಸಿಂಧನೂರು ತಾಲ್ಲೂಕು

ಉತ್ತರ: ಕಡತ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ನೋಡಿದರೆ ಎಲ್ಲಿ ಕೈ ಹಾಕಬಹುದು ಎನ್ನುವುದು ಗೊತ್ತಾಗುತ್ತದೆ. 2009-10ರಲ್ಲಿ ಸಮಗ್ರ ಮಕ್ಕಳ ರಕ್ಷಣಾ ಯೋಜನೆ ಎಂದು ಆರಂಭವಾದದ್ದೇ ಈಗ ಮಿಷನ್ ವಾತ್ಸಲ್ಯ. ಕರ್ನಾಟಕದಲ್ಲಿ ಇದರ ವೆಚ್ಚ ಕೇಂದ್ರಕ್ಕೆ 60, ರಾಜ್ಯಕ್ಕೆ 40ರ ಪಾಲು. ಅಂದರೆ ಪ್ರಾಯೋಜಕತ್ವದ 4,000 ರೂಪಾಯಿಯಲ್ಲಿ 2,400 ದೆಹಲಿಯಿಂದ, 1,600 ಬೆಂಗಳೂರಿನಿಂದ ಬರಬೇಕು. ಜಿಲ್ಲಾ ಘಟಕ ಪ್ರತಿ ವರ್ಷ ಎಷ್ಟು ಮಕ್ಕಳಿಗೆ ಪ್ರಾಯೋಜಕತ್ವ, ಎಷ್ಟು ಬಾಲಮಂದಿರ, ಎಷ್ಟು ಸಿಬ್ಬಂದಿ ಬೇಕೆಂದು ಲೆಕ್ಕ ಕೊಡುತ್ತದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ 31 ಜಿಲ್ಲೆಗಳ ಲೆಕ್ಕ ಕೂಡಿಸಿ ರಾಜ್ಯದ ವಾರ್ಷಿಕ ಪ್ರಸ್ತಾವ ಮಾಡುತ್ತದೆ. ಅದು ಕೇಂದ್ರ ಸಚಿವಾಲಯದ ಯೋಜನಾ ಅನುಮೋದನಾ ಮಂಡಳಿಯ ಮುಂದೆ ಹೋಗುತ್ತದೆ. ಮಂಡಳಿ ಒಪ್ಪಿದ ಸಂಖ್ಯೆಯೇ ಆ ವರ್ಷದ ‘ಗುರಿ’. ಹಣ ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನದು ಬರುವುದಿಲ್ಲ. ಒಂದೆರಡು ಜಿಲ್ಲೆಗಳ ಲೆಕ್ಕ ತಡವಾದರೂ ಇಡೀ ರಾಜ್ಯಕ್ಕೆ ಅದರ ಬಿಸಿ ತಟ್ಟಬಹುದು.

ಯೋಜನೆ ಸೊರಗುವುದು ಮೊದಲ ಮೆಟ್ಟಿಲಲ್ಲೇ. ಕಚೇರಿಯ ಕಡತದಲ್ಲಿ ಕಂಡ ಮಕ್ಕಳನ್ನು ಮಾತ್ರ ಜಿಲ್ಲೆಯ ಲೆಕ್ಕ ಎಣಿಸುತ್ತದೆ. ಅರ್ಜಿ ಕೊಡದೆ ವಾಪಸು ಹೋದ ಅಜ್ಜಿ ಯಾವ ಕೋಷ್ಟಕದಲ್ಲೂ ಇರುವುದಿಲ್ಲ. ಹೀಗಾಗಿ ಕಳೆದ ವರ್ಷದ ಸಂಖ್ಯೆಗೇ ಸ್ವಲ್ಪ ಸೇರಿಸಿ ಕಳಿಸುವುದು ಸುಲಭವಾಗುತ್ತದೆ. ‘ಗುರಿ ಮುಗಿದಿದೆ’ ಎಂದಾಗಲೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ ಎಂದು ಮೇಲೆ ಹೇಳಿದ್ದು ಇದಕ್ಕೇ. ಬಾಕಿ ಅರ್ಜಿಗಳ ಪಟ್ಟಿಯೇ ಮುಂದಿನ ವರ್ಷ ಹೆಚ್ಚು ಕೇಳಲು ಜಿಲ್ಲಾ ಅಧಿಕಾರಿಗೆ ಇರುವ ಆಧಾರ.

ನಿಮ್ಮ ಕೈಯಲ್ಲಿ ಎರಡು ಸಾಧನಗಳಿವೆ. ಒಂದು, ಪಂಚಾಯಿತಿ ಮಟ್ಟದ ಮಕ್ಕಳ ರಕ್ಷಣಾ ಸಮಿತಿ. ಅಂಗನವಾಡಿ ಕಾರ್ಯಕರ್ತೆ, ಆಶಾ, ಮುಖ್ಯಶಿಕ್ಷಕರು ಕೂತರೆ ಒಂದೇ ಮಧ್ಯಾಹ್ನದಲ್ಲಿ ಪಟ್ಟಿ ಆಗುತ್ತದೆ: ತಂದೆ ಅಥವಾ ತಾಯಿ ಇಲ್ಲದವರು, ಗುಳೆ ಹೋದವರು ಊರಲ್ಲಿ ಬಿಟ್ಟುಹೋದ ಮಕ್ಕಳು, ಶಾಲೆ ಬಿಟ್ಟವರು, ಮದುವೆ ಮಾತುಕತೆ ನಡೆದಿರುವ ಹುಡುಗಿಯರು. ಹೆಸರುಗಳು ಸಮಿತಿಯ ಒಳಗಿರಲಿ, ನೋಟಿಸ್ ಬೋರ್ಡಿಗೆ ಹೋಗದಿರಲಿ. ಪಟ್ಟಿಯನ್ನು ನಡಾವಳಿಯೊಂದಿಗೆ ಜಿಲ್ಲಾ ಘಟಕಕ್ಕೂ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರಿಗೂ ಕಳಿಸಿ. ಗುಳೆ ಹೋದ ತಂದೆತಾಯಿ ಬದುಕಿದ್ದಾರೆ ಎನ್ನುವ ಒಂದೇ ಕಾರಣಕ್ಕೆ ಆ ಮಗು ತಾನಾಗಿ ಪ್ರಾಯೋಜಕತ್ವದ ಪಟ್ಟಿಗೆ ಬರುವುದಿಲ್ಲ. ಅಲ್ಲಿ ಸಮಾಜ ಕಾರ್ಯಕರ್ತರ ವರದಿಯೇ ನಿರ್ಣಾಯಕ. ಆದ್ದರಿಂದ ಮನೆಯ ಸ್ಥಿತಿಯನ್ನು ವಿವರವಾಗಿ ಬರೆಯಿರಿ.

ಎರಡನೆಯದು ನವೆಂಬರ್ ಸುಮಾರಿಗೆ ನಡೆಯುವ ಮಕ್ಕಳ ಗ್ರಾಮಸಭೆ. ಹಲವು ಕಡೆ ಅದು ಹಾಡು, ಭಾಷಣ, ಬಿಸ್ಕತ್ತಿನಲ್ಲಿ ಮುಗಿಯುತ್ತದೆ. ಮಕ್ಕಳು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆಸಿ, ಪಂಚಾಯಿತಿಯೇ ಮಾಡಬಹುದಾದ್ದು (ಶೌಚಾಲಯಕ್ಕೆ ನೀರು, ದಾರಿ ದೀಪ, ಶಾಲಾ ಕಾಂಪೌಂಡು) ಮತ್ತು ಬೇರೆ ಇಲಾಖೆಗೆ ಕಳಿಸಬೇಕಾದ್ದು ಎಂದು ಬೇರ್ಪಡಿಸಿ. ಮುಂದಿನ ವರ್ಷದ ಸಭೆಯಲ್ಲಿ ಪಿಡಿಒ ಮೊದಲು ಓದಬೇಕಾದದ್ದು ಹಿಂದಿನ ವರ್ಷದ ಬೇಡಿಕೆಗಳ ಗತಿ ಏನಾಯಿತು ಎಂಬುದನ್ನು.

2020-21ರಿಂದ ರಾಜ್ಯ ಬಜೆಟ್ಟಿನ ಜತೆ ಮಕ್ಕಳ ಆಯವ್ಯಯ ಎಂಬ ಪ್ರತ್ಯೇಕ ಪುಸ್ತಕ ಬರುತ್ತಿದೆ. ಅದರ ದೊಡ್ಡ ಮೊತ್ತ ನೋಡಿ ಬೆರಗಾಗಬೇಡಿ. ಶಾಲೆ, ಬಿಸಿಯೂಟ, ಅಂಗನವಾಡಿ ಎಲ್ಲವೂ ಅದರಲ್ಲಿ ಸೇರಿವೆ, ರಕ್ಷಣೆಗೆಂದು ಸಿಗುವ ಪಾಲು ಅದರಲ್ಲಿ ಚಿಕ್ಕದು.

ಪ್ರಶ್ನೆ: ನಮ್ಮ ಊರಿನ ಹೊರಗೆ ಬಾಡಿಗೆ ಮನೆಯಲ್ಲಿ ‘ಅನಾಥಾಶ್ರಮ’ವೊಂದು ನಡೆಯುತ್ತಿದೆ. ಮೂವತ್ತಕ್ಕೂ ಹೆಚ್ಚು ಮಕ್ಕಳಿದ್ದಾರೆ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ದಾನಿಗಳು ಬರುತ್ತಾರೆ. ಮಕ್ಕಳಲ್ಲಿ ಹಲವರಿಗೆ ಅಪ್ಪ-ಅಮ್ಮ ಇದ್ದಾರೆ. ಇದನ್ನು ಯಾರು ಕೇಳಬೇಕು?
— ಓದುಗರು, ಹಾಸನ ಜಿಲ್ಲೆ

ಉತ್ತರ: ಮೊದಲು ಕೇಳಬೇಕಾದದ್ದು ಒಂದೇ ಕಾಗದ, ಕಾಯ್ದೆಯ 41ನೇ ಕಲಮಿನ ನೋಂದಣಿ ಪ್ರಮಾಣಪತ್ರ. ಟ್ರಸ್ಟ್ ನೋಂದಣಿ, ಸೊಸೈಟಿ ನೋಂದಣಿ, ದಾನಕ್ಕೆ ತೆರಿಗೆ ವಿನಾಯಿತಿಯ ಪತ್ರ ತೋರಿಸಿ ಸಾಗಹಾಕುವುದುಂಟು. ಅವು ಯಾವುವೂ ಇದಕ್ಕೆ ಬದಲಿಯಲ್ಲ. ಸರ್ಕಾರದ ಅನುದಾನ ಒಂದು ರೂಪಾಯಿ ಪಡೆಯದಿದ್ದರೂ ಪಾಲನೆ ಬೇಕಾದ ಮಕ್ಕಳನ್ನು ಇಟ್ಟುಕೊಂಡ ಮೇಲೆ ನೋಂದಣಿ ಕಡ್ಡಾಯ. ಅದರ ಅವಧಿ ಐದು ವರ್ಷ. ನೋಂದಣಿಯಿಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಸೆರೆ ಅಥವಾ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. ಅರ್ಜಿ ಸಲ್ಲಿಸಲು ತಡಮಾಡಿದ ಪ್ರತಿ 30 ದಿನವೂ ಬೇರೆಯೇ ಅಪರಾಧವಾಗಿ ಎಣಿಕೆಯಾಗುತ್ತದೆ.

ತಂದೆತಾಯಿ ಇರುವ ಮಕ್ಕಳು ಅಲ್ಲಿದ್ದಾರೆ ಎಂಬುದೇ ತಪ್ಪಲ್ಲ. ಸಮಿತಿಯ ಆದೇಶವಿಲ್ಲದೆ ಇದ್ದಾರೆ ಎಂದರೆ ತಪ್ಪು. ಪ್ರತಿ ಮಗುವಿನ ಕಡತದಲ್ಲಿ ಆ ಆದೇಶ, ಸಾಮಾಜಿಕ ತನಿಖಾ ವರದಿ ಮತ್ತು ವೈಯಕ್ತಿಕ ಪಾಲನಾ ಯೋಜನೆ ಇರಬೇಕು. ಬೇರೆ ಜಿಲ್ಲೆಯ ಬಡ ಕುಟುಂಬಗಳಿಂದ ‘ಓದಿಸುತ್ತೇವೆ’ ಎಂದು ಕರೆತಂದ ಮಕ್ಕಳಿಗೆ ಇವು ಯಾವುವೂ ಇರುವುದಿಲ್ಲ.

ಕೇಂದ್ರದ 2016ರ ಮಾದರಿ ನಿಯಮಗಳಲ್ಲಿ ಅಳತೆಗೋಲೂ ಇದೆ. ಮಲಗುವ ಕೋಣೆಯಲ್ಲಿ ಮಗುವಿಗೆ 40 ಚದರ ಅಡಿ. ದಿನಕ್ಕೆ ಅಕ್ಕಿ, ಗೋಧಿ, ರಾಗಿ, ಜೋಳ ಸೇರಿ 600 ಗ್ರಾಂ, 16 ದಾಟಿದವರಿಗೆ 700. ಬೇಳೆಕಾಳು 120 ಗ್ರಾಂ, ಸೊಪ್ಪು 100, ಇತರ ತರಕಾರಿ 130, ಬೆಳಗಿನ ಹಾಲು 150 ಮಿಲಿ. ಇದನ್ನು ತಪಾಸಣೆಗೆ ಹೋದವರು ಉಗ್ರಾಣದಲ್ಲೇ ಲೆಕ್ಕ ಹಾಕಬಹುದು. 30 ಮಕ್ಕಳಿಗೆ ದಿನಕ್ಕೆ 3.6 ಕಿಲೋ ಬೇಳೆ, ತಿಂಗಳಿಗೆ ಒಂದು ಕ್ವಿಂಟಲ್ ಮೇಲೆ. ಖರೀದಿ ಬಿಲ್ಲು 25 ಕಿಲೋದ ಒಂದು ಮೂಟೆ ತೋರಿಸಿದರೆ ಸಾರು ಹೇಗಿರುತ್ತದೆ ಎಂದು ಬೇರೆ ಕೇಳಬೇಕಿಲ್ಲ.

ನಿಯಮದಲ್ಲಿ ನಮಗೆ ಬಹಳ ಹಿಡಿಸಿದ್ದು ಸಲಹಾ ಪೆಟ್ಟಿಗೆಯ ವಿಚಾರ. ಪೆಟ್ಟಿಗೆ ಕಚೇರಿಯಿಂದ ದೂರ, ಮಕ್ಕಳು ಮಲಗುವ ಕೋಣೆಯ ಹತ್ತಿರ ಇರಬೇಕು. ಬೀಗದಕೈ ಸಂಸ್ಥೆಯ ಮೇಲ್ವಿಚಾರಕರ ಕೈಯಲ್ಲಿರಕೂಡದು, ನಿರ್ವಹಣಾ ಸಮಿತಿಯ ಅಧ್ಯಕ್ಷರ ಬಳಿ ಇರಬೇಕು. ವಾರಕ್ಕೊಮ್ಮೆ ಅಲ್ಲಿನ ಮಕ್ಕಳದೇ ಆದ ಸಮಿತಿಯ ಎದುರಲ್ಲೇ ತೆರೆಯಬೇಕು. ವಾಸ್ತವದಲ್ಲಿ ಪೆಟ್ಟಿಗೆ ಮೇಲ್ವಿಚಾರಕರ ಮೇಜಿನ ಪಕ್ಕದಲ್ಲಿ, ಕೀಲಿ ಅವರ ಮೇಜಿನ ಡ್ರಾಯರಿನಲ್ಲಿ ಇದ್ದರೆ ಚೀಟಿ ಹಾಕುವ ಮಗುವೂ ಇರುವುದಿಲ್ಲ.

ತಪಾಸಣೆಯ ಹೊಣೆ ಜಿಲ್ಲೆಯ ತಪಾಸಣಾ ಸಮಿತಿಯದು. ಮೂರು ತಿಂಗಳಿಗೊಮ್ಮೆಯಾದರೂ, ಮೂವರಿಗೆ ಕಡಿಮೆಯಿಲ್ಲದ ತಂಡ ಹೋಗಬೇಕು. ಅವರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಬೇಕು. ವರದಿ ಒಂದು ವಾರದಲ್ಲಿ, ಅದರ ಮೇಲೆ ಜಿಲ್ಲಾಧಿಕಾರಿಯ ಕ್ರಮ ಒಂದು ತಿಂಗಳಲ್ಲಿ. ಮುಂಚಿತವಾಗಿ ಫೋನ್ ಮಾಡಿ ಹೋದ ತಪಾಸಣೆಯಲ್ಲಿ ಹೊಸ ಬೆಡ್‌ಶೀಟ್, ಬಾಳೆಹಣ್ಣು ಕಾಣುತ್ತವೆ. ಹಾಜರಿ ಪುಸ್ತಕದ ಸಂಖ್ಯೆಯನ್ನು ತಟ್ಟೆ, ಹಾಸಿಗೆ ಮತ್ತು ಶಾಲೆಯ ದಾಖಲಾತಿಯೊಂದಿಗೆ ತಾಳೆ ನೋಡಿದಾಗ ಮಾತ್ರ ನಿಜ ಗೊತ್ತಾಗುತ್ತದೆ. ತಂಡದವರು ಮಕ್ಕಳೊಂದಿಗೆ ಸಿಬ್ಬಂದಿ ಇಲ್ಲದಾಗ ಮಾತಾಡಿದರೇ ಎಂಬುದೂ ಮುಖ್ಯ.

ಜಿಲ್ಲಾಧಿಕಾರಿಗೆ ಲಿಖಿತ ದೂರು ಕೊಡಿ, ಪ್ರತಿಯನ್ನು ಮಕ್ಕಳ ಕಲ್ಯಾಣ ಸಮಿತಿಗೆ ಕಳಿಸಿ. ಉತ್ತರ ಬಾರದಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಹಾಗಾಗಿ ನಾಲ್ಕು ದಿನಾಂಕಗಳನ್ನಷ್ಟೇ ಕೇಳಿ: ಆ ಸಂಸ್ಥೆಯ ನೋಂದಣಿ ಆದ ದಿನ, ಕೊನೆಯ ತಪಾಸಣೆ ನಡೆದ ದಿನ, ವರದಿ ಸಲ್ಲಿಸಿದ ದಿನ, ಕ್ರಮ ಕೈಗೊಂಡ ದಿನ. ಮಕ್ಕಳ ಹೆಸರು, ವಿವರ ಕೇಳಿದರೆ ಗೋಪ್ಯತೆಯ ಕಾರಣ ಕೊಟ್ಟು ಇಡೀ ಅರ್ಜಿಯನ್ನು ತಳ್ಳಿಹಾಕಲು ನೀವೇ ದಾರಿ ಮಾಡಿಕೊಟ್ಟಂತೆ.

ಪ್ರಶ್ನೆ: ಅಕ್ಕ ತೀರಿಕೊಂಡ ಮೇಲೆ ಅವಳ ಮಗಳು ಬಾಲಮಂದಿರದಲ್ಲಿದ್ದಾಳೆ. ನಾನು ಸಾಕುತ್ತೇನೆಂದು ಐದು ತಿಂಗಳಿಂದ ಅಲೆಯುತ್ತಿದ್ದೇನೆ. ಸಮಿತಿ ‘ಮುಂದಿನ ವಾರ’ ಎನ್ನುತ್ತಲೇ ಇದೆ. ಇವರ ಮೇಲೆ ಯಾರೂ ಇಲ್ಲವೇ?
— ಓದುಗರು, ಬಾಗಲಕೋಟೆ

ಉತ್ತರ: ಇದ್ದಾರೆ. ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಅಧ್ಯಕ್ಷರ ಜತೆ ನಾಲ್ವರು ಸದಸ್ಯರು, ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು, ಅಂತಿಮ ತೀರ್ಮಾನಕ್ಕೆ ಮೂವರಾದರೂ ಹಾಜರಿರಬೇಕು. ನಿಮ್ಮ ವಿಷಯದಲ್ಲಿ ತಡವಾಗುತ್ತಿರುವುದು ಎಲ್ಲಿ ಎಂದು ಮೊದಲು ತಿಳಿದುಕೊಳ್ಳಿ. ಬಹುಶಃ ನಿಮ್ಮ ಮನೆಯ ಸಾಮಾಜಿಕ ತನಿಖಾ ವರದಿಯೇ ಬಂದಿರುವುದಿಲ್ಲ, ಅಥವಾ ಸದಸ್ಯರ ಸ್ಥಾನ ಖಾಲಿ ಬಿದ್ದು ಮೂವರು ಕೂಡುತ್ತಿಲ್ಲ. ಖಾಲಿ ಸ್ಥಾನಗಳನ್ನು ಬೇಗ ತುಂಬಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ ಹೇಳಿದ ಮೇಲೂ ಈ ರೋಗ ವಾಸಿಯಾಗಿಲ್ಲ.

ನಾಲ್ಕು ತಿಂಗಳು ದಾಟಿರುವುದರಿಂದ ಜಿಲ್ಲಾಧಿಕಾರಿಗೆ ದೂರು ಕೊಡಿ. ಸಮಿತಿಯ ಕೆಲಸವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕಾದವರೂ ಅದರ ಮೇಲಿನ ದೂರು ಕೇಳಬೇಕಾದವರೂ ಅವರೇ. ಅವರು ಸೂಚಿಸಿದ ಮೇಲೂ ಮೂರು ತಿಂಗಳು ಬಾಕಿ ಪ್ರಕರಣಗಳು ಹಾಗೇ ಉಳಿದರೆ ಸರ್ಕಾರ ಆ ಸಮಿತಿಯನ್ನೇ ತೆಗೆದು ಹೊಸದನ್ನು ರಚಿಸಬೇಕು. ಸಮಿತಿ ನಿಮಗೆ ವಿರುದ್ಧವಾಗಿ ಲಿಖಿತ ಆದೇಶ ಕೊಟ್ಟರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯದಲ್ಲಿ ಮೇಲ್ಮನವಿ ಹಾಕಬಹುದು. ಬಾಯಿಮಾತಿನ ‘ಮುಂದಿನ ವಾರ’ದ ಮೇಲೆ ಮೇಲ್ಮನವಿ ಸಾಧ್ಯವಿಲ್ಲ, ಆದ್ದರಿಂದ ಕೋರಿಕೆ ಲಿಖಿತವಾಗಿರಲಿ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಬಹುದು. ಆಯೋಗ ವಿಚಾರಣೆ ಮಾಡಿ ಶಿಫಾರಸು ಮಾಡುತ್ತದೆ, ಸಮಿತಿಯ ಆದೇಶವನ್ನು ರದ್ದು ಮಾಡುವುದಿಲ್ಲ.

ಪ್ರಶ್ನೆ: ನಾವು ದುಬೈನಲ್ಲಿರುವ ದಂಪತಿ. ನಮ್ಮ ಜಿಲ್ಲೆಯ ಆಶ್ರಮದಿಂದಲೇ ನೇರವಾಗಿ ಮಗುವನ್ನು ದತ್ತು ಪಡೆಯುವ ಆಸೆ. ಆಶ್ರಮದವರೂ ಒಪ್ಪಿದ್ದಾರೆ.
— ಓದುಗರು

ಉತ್ತರ: ಅವರು ಒಪ್ಪುವ ಹಾಗಿಲ್ಲ, ನೀವು ಕೇಳುವ ಹಾಗೂ ಇಲ್ಲ. ಸಮಿತಿ ‘ದತ್ತಿಗೆ ಕಾನೂನುಬದ್ಧವಾಗಿ ಮುಕ್ತ’ ಎಂದು ಘೋಷಿಸಿದ ಮಗುವನ್ನು ಕೇಂದ್ರದ ದತ್ತು ಪ್ರಾಧಿಕಾರವಾದ ‘ಕಾರಾ’ದ ಆನ್‌ಲೈನ್ ಸರದಿಯ ಮೂಲಕ ಮಾತ್ರ ಪಡೆಯಬಹುದು. ಸರದಿಯಲ್ಲಿ ಅನಿವಾಸಿ ಭಾರತೀಯರಿಗೂ ದೇಶದಲ್ಲಿರುವವರಿಗೂ ಸಮಾನ ಸ್ಥಾನ. ಗಂಡ-ಹೆಂಡತಿಯ ಒಟ್ಟು ವಯಸ್ಸು 85 ದಾಟಿದ್ದರೆ ಎರಡು ವರ್ಷದೊಳಗಿನ ಮಗು ಸಿಗುವುದಿಲ್ಲ. ದತ್ತು ಆದೇಶವನ್ನು ಈಗ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿ ಕೊಡುತ್ತಾರೆ. ಈ ದಾರಿ ಬಿಟ್ಟು ಮಗು ಕೊಟ್ಟವರಿಗೂ ಪಡೆದವರಿಗೂ ಮೂರು ವರ್ಷದವರೆಗೆ ಸೆರೆಯಾಗಬಹುದು. ನಡುವೆ ಹಣ ಬಂದರೆ ಅದು ಮಕ್ಕಳ ಮಾರಾಟ, ಐದು ವರ್ಷದವರೆಗೆ ಕಠಿಣ ಸೆರೆ.

ಪ್ರಶ್ನೆ: ಬಾಲಮಂದಿರದ ಹುಡುಗರಿಗೆ 18 ತುಂಬಿದ ದಿನ ಹೊರಗೆ ಕಳಿಸುತ್ತಾರಂತೆ, ನಿಜವೇ?
— ಓದುಗರು, ಮಡಿಕೇರಿ

ಉತ್ತರ: ಬಾಲಮಂದಿರದಲ್ಲಿ ಉಳಿಯುವಂತಿಲ್ಲ ಎನ್ನುವುದು ನಿಜ. ಆದರೆ ಹೊರಬಂದವರಿಗೆ ಆಸರೆಯಾಗುವ ಅನುಪಾಲನೆ ಎಂಬ ವ್ಯವಸ್ಥೆ 21ರವರೆಗೆ ಇದೆ, ಅಗತ್ಯವಿದ್ದರೆ 23ರವರೆಗೆ ವಿಸ್ತರಿಸಬಹುದು. ಅದರಲ್ಲಿ ತಿಂಗಳಿಗೆ 4,000 ರೂಪಾಯಿ ನೆರವು, ಓದು ಅಥವಾ ಕಸುಬು ಕಲಿಕೆಗೆ ಬೆಂಬಲ ಸಿಗುತ್ತದೆ. ತೊಡಕೆಂದರೆ ಇದು ತಾನಾಗಿ ಬರುವುದಿಲ್ಲ. ಹುಡುಗ ಹೊರಬರುವ ಮೊದಲೇ ಅನುಪಾಲನಾ ಯೋಜನೆ ಬರೆದು ಸಮಿತಿಯ ಮುಂದಿಡಬೇಕು. ಜತೆಗೆ ಆಧಾರ್, ಅಂಕಪಟ್ಟಿ, ಬ್ಯಾಂಕ್ ಖಾತೆ ಹುಡುಗನ ಕೈಯಲ್ಲೇ ಇರಬೇಕು. ಮೂಲ ಅಂಕಪಟ್ಟಿ ಸಂಸ್ಥೆಯ ಬೀರುವಿನಲ್ಲಿ ಉಳಿದು ಕಾಲೇಜಿನ ಪ್ರವೇಶದ ದಿನಾಂಕ ತಪ್ಪಿಹೋಗುವ ಅಪಾಯವಿದೆ. ಪರಿಚಯದ ಹುಡುಗರಿದ್ದರೆ ಅದನ್ನು ಈಗಲೇ ಕೇಳಿ ಪಡೆಯಲು ಹೇಳಿ.